ಲಕ್ಕಮ್ಮ ತಿರುಗಿ ಕಳಿಸಿದ ಅಕ್ಕಿ

ನಮ್ಮ ಕಡೆಯ ಸರಕಾರಿ ಕಟ್ಟಡಗಳಲ್ಲಿ ಸುಣ್ಣ ಕಾಣದ ಗೋಡೆ ಎಷ್ಟು ಬೇಕಾದರೂ ಸಿಗುತ್ತದೆ, ‘ಕಾಯಕವೇ ಕೈಲಾಸ’ ಕಾಣದ ಗೋಡೆ ಸಿಗುವುದು ಕಷ್ಟ. ನಾನು ಕಂಡ ಕಚೇರಿಗಳಲ್ಲೆಲ್ಲ ಈ ಫಲಕ ಸಾಹೇಬರ ಕುರ್ಚಿಯ ಬೆನ್ನ ಹಿಂದೆ ಇರುತ್ತದೆ. ಅಂದರೆ ಅದು ದಿನವಿಡೀ ಕಾಣುವುದು ಎದುರಿಗೆ ನಿಂತವರಿಗೆ. ಸಾಹೇಬರು ಅದನ್ನು ಓದಬೇಕಾದರೆ ಕತ್ತು ತಿರುಗಿಸಬೇಕು.

ಫಲಕದ ಕೆಳಗೆ ತಪ್ಪದೆ ‘ಬಸವಣ್ಣ’ ಎಂದು ಬರೆದಿರುತ್ತಾರೆ. ಆದರೆ ಈ ಮಾತು ನಮಗೆ ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಹೀಗಾಗಿ ಇಂಥದ್ದು ಕಣ್ಣಿಗೆ ಚುಚ್ಚುತ್ತದೆ. ನಮ್ಮ ಶಾಲೆಯ ಗೋಡೆಗೆ ಬಣ್ಣ ಬಳಿಸುವಾಗ ಪೇಂಟರನಿಗೆ ಹೇಳಿ ನೋಡಿದೆ. “ಮಾರಯ್ಯ ಅಂತ ಬರದ್ರ ಯಾರರ ಕೇಳ್ತಾರೇನ್ರಿ ಮೇಡಂ?” ಎಂದು ನಕ್ಕು ಬಸವಣ್ಣನನ್ನೇ ಬರೆದ. ಹೆಸರು ಬದಲಾದದ್ದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಮಾರಯ್ಯನ ಹೆಸರು ಹೋದ ಮೇಲೆ ಅವನ ಹೆಂಡತಿಯ ಹೆಸರೂ ಹೋಯಿತು, ಅವಳ ಹಿಂದೆ ಅವಳು ಆಡಿದ ಮಾತೂ ಹೋಯಿತು. ಅದು ಬೇಸರದ ಸಂಗತಿ.

ಒಂಬತ್ತನೆಯ ತರಗತಿಯಲ್ಲಿ ಮಾರಯ್ಯನ ಕತೆ ಹೇಳುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್ರೀ, ಮಾರಯ್ಯಗ ರವಿವಾರ ಸೂಟಿ ಇತ್ತೇನ್ರಿ?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. “ನಮ್ಮವ್ವಗ ಇಲ್ರೀ, ಅದಕ್ಕ ಕೇಳಿದೆ” ಅಂದಳು.

ಅವಳ ತಾಯಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ರಾಣೆಬೆನ್ನೂರಿನ ಸುತ್ತಮುತ್ತ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಬೀಜದ ಸೀಮೆ. ಹೈಬ್ರಿಡ್ ಹತ್ತಿ, ಟೊಮೆಟೊ, ಮೆಣಸಿನಕಾಯಿಯ ಬೀಜ ಇಲ್ಲಿನ ಹೊಲಗಳಲ್ಲಿ ಹೆಂಗಸರ ಬೆರಳುಗಳಿಂದ ಹುಟ್ಟುತ್ತದೆ. ಹತ್ತಿಯ ಪ್ಲಾಟಿನಲ್ಲಾದರೆ, ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನ ಇಳಿಹೊತ್ತಿನಲ್ಲೇ ಗುರುತಿಸಬೇಕು. ಹೆಬ್ಬೆರಳ ಉಗುರಿನಿಂದ ದಳ ಸೀಳಿ, ಒಳಗಿನ ಗಂಡು ಕೇಸರವನ್ನೆಲ್ಲ ತೆಗೆದು, ಗುರುತಿಗೆ ಬಣ್ಣದ ಕಾಗದದ ಚೀಲ ತೊಡಿಸಬೇಕು. ಬೆಳಗಾದ ಮೇಲೆ ಗಂಡು ಸಾಲಿನ ಹೂ ಕಿತ್ತು ತಂದು ಪರಾಗ ಸವರಬೇಕು. ಕೇಸರ ತೆಗೆಯುವಾಗ ಉಗುರು ಸ್ವಲ್ಪ ಜಾಸ್ತಿ ಒತ್ತಿದರೆ ಕಾಯಿ ಕಟ್ಟುವುದಿಲ್ಲ, ಕಡಿಮೆ ಒತ್ತಿದರೆ ಬೀಜ ಬೆರಕೆಯಾಗುತ್ತದೆ. ಹತ್ತಿಯ ಹೂವಿಗೆ ಇರುವುದು ಒಂದೇ ಹಗಲು. ಇವತ್ತು ಬಿಟ್ಟರೆ ನಾಳೆ ಅದು ಕೆಂಪಾಗಿ ಮುದುಡುತ್ತದೆ. ಹೂವಿಗೆ ರವಿವಾರ ಗೊತ್ತಿಲ್ಲವಾದ್ದರಿಂದ ಹಂಗಾಮು ಮುಗಿಯುವ ತನಕ ಹೆಂಗಸರಿಗೂ ಗೊತ್ತಿರುವುದಿಲ್ಲ.

ಆ ಹುಡುಗಿಗೆ ನಾನು ಅವತ್ತು ಕೊಟ್ಟ ಉತ್ತರ ಪಠ್ಯಪುಸ್ತಕದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಪ್ರಶ್ನೆ ದೊಡ್ಡದು. ದುಡಿಮೆಯನ್ನೇ ಪೂಜೆ ಮಾಡಿದ ಧರ್ಮದಲ್ಲಿ ದುಡಿಯದೆ ಕೂರುವ ಹೊತ್ತಿಗೆ ಜಾಗ ಎಲ್ಲಿದೆ?

ಮೊದಲ ನೋಟಕ್ಕೆ ಇಲ್ಲವೇ ಇಲ್ಲ. ಮಾರಯ್ಯನ ಆ ವಚನ ಬಲು ಕಟುವಾದದ್ದು. ಕಾಯಕದಲ್ಲಿ ತೊಡಗಿದವನು ಎದುರಿಗೆ ಗುರು ಬಂದರೂ ಮೈಮರೆತಿರಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎನ್ನುವ ಅರ್ಥ ಅದರದ್ದು. ನುಲಿಯ ಚಂದಯ್ಯನ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ತಿರುಗಿಯೂ ನೋಡದೆ ಹುಲ್ಲು ಹೊತ್ತು ನಡೆದ. ಮಕ್ಕಳಿಗೆ ಈ ಕತೆ ಬಹಳ ಸೇರುತ್ತದೆ, ದೇವರೇ ಬೆನ್ನು ಹತ್ತಿ ಬರುವುದಲ್ಲವೆ! ಫಲಕ ಬರೆಸುವವರಿಗೆ ಬೇಕಾದ್ದೂ ಇಂಥದ್ದೇ.

ಆದರೆ ಮಾರಯ್ಯನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡಹೆಂಡತಿ ಇವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು, ಬಂದ ಜಂಗಮರಿಗೆ ಬಡಿಸಿ, ಉಳಿದದ್ದನ್ನು ಉಣ್ಣುವುದು ಇಬ್ಬರ ಬಾಳು. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿತ್ತು. ಬಸವಣ್ಣನೇ ಬೇಕೆಂದು ಚೆಲ್ಲಿಸಿದ ಎನ್ನುವವರೂ ಇದ್ದಾರೆ. ಮಾರಯ್ಯ ಖುಷಿಯಿಂದ ಎಲ್ಲವನ್ನೂ ಆಯ್ದು ಗಂಟು ಕಟ್ಟಿಕೊಂಡು ಬಂದ. ಲಕ್ಕಮ್ಮ ಗಂಟು ನೋಡಿದಳು. ಇಷ್ಟೇಕೆ ತಂದೆ, ದಿನಕ್ಕೆ ಬೇಕಾದ್ದಕ್ಕಿಂತ ಇದು ಹೆಚ್ಚು, ಇಂಥ ಆಸೆ ನಮ್ಮಂಥವರಿಗೆ ತರವಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಕತೆಯನ್ನು ನಾವು ಪಾಠದಲ್ಲಿ ‘ನಿರಾಸೆ’, ‘ಅಪರಿಗ್ರಹ’ ಎಂಬ ತಲೆಬರಹದಡಿ ಹೇಳಿ ಮುಗಿಸುತ್ತೇವೆ, ಎರಡು ಅಂಕದ ಪ್ರಶ್ನೆ ಕೇಳುತ್ತೇವೆ. ನನಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಆ ಹೆಚ್ಚಿನ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ. ಬೆನ್ನು ಬಗ್ಗಿಸಿ, ಒಂದೊಂದೇ ಕಾಳು ಆಯ್ದು, ಬೆವರು ಸುರಿಸಿ ತಂದದ್ದು. ಫಲಕದ ಲೆಕ್ಕದಲ್ಲಿ ನೋಡಿದರೆ ಮಾರಯ್ಯ ಅವತ್ತು ಎಂದಿಗಿಂತ ಚೆನ್ನಾಗಿ ಕಾಯಕ ಮಾಡಿದ್ದ. ಲಕ್ಕಮ್ಮನ ಲೆಕ್ಕದಲ್ಲಿ ಅದು ಕಾಯಕವೇ ಆಗಿರಲಿಲ್ಲ. ದುಡಿಮೆ ಎಲ್ಲಿಯವರೆಗೆ ಕಾಯಕ, ಎಲ್ಲಿಂದಾಚೆ ಬರಿಯ ಹಪಾಹಪಿ ಎನ್ನುವ ಗೆರೆಯನ್ನು ಅವಳು ಅವತ್ತಿನ ಗಡಿಗೆಯ ಅಳತೆಯಲ್ಲಿ ಎಳೆದಳು.

ಹಾಗಂತ ಲಕ್ಕಮ್ಮನನ್ನು ಮೈಗಳ್ಳರ ದೇವತೆ ಮಾಡುವಂತಿಲ್ಲ. ಮಾತಿನಲ್ಲಿ ಮುಳುಗಿ ಮಾರಯ್ಯ ಕೂತುಬಿಟ್ಟಾಗ ಕಾಯಕ ನಿಂತುಹೋಗಿದೆ, ಏಳು ಎಂದು ಅವನನ್ನು ಎಬ್ಬಿಸಿ ಕಳಿಸಿದವಳೂ ಅವಳೇ. ಹೋಗು ಎಂದವಳೂ ಅವಳೇ, ಸಾಕು ಎಂದವಳೂ ಅವಳೇ. ನಮ್ಮ ಗೋಡೆಗಳ ಮೇಲೆ ಉಳಿದದ್ದು ಮಾತ್ರ ಮೊದಲನೆಯದು.

ನನ್ನ ಕೆಲಸದಲ್ಲಿ ಹೆಚ್ಚಿನ ಅಕ್ಕಿ ಯಾವ ರೂಪದಲ್ಲಿ ಬರುತ್ತದೆ ಎಂದು ಹೇಳಿದರೆ ನೌಕರಿ ಮಾಡುವವರಿಗೆಲ್ಲ ಅರ್ಥವಾದೀತು. ಪಾಠ, ಪರೀಕ್ಷೆ, ಪೇಪರ್ ತಿದ್ದುವುದು ಸರಿ. ಅದಾದ ಮೇಲೆ ಹಾಜರಾತಿಯ ಆನ್‌ಲೈನ್ ಎಂಟ್ರಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಚುನಾವಣೆ ಬಂದರೆ ಮತದಾರರ ಪಟ್ಟಿ, ಗಣತಿ ಬಂದರೆ ಗಣತಿ, ಪ್ರತಿಯೊಂದಕ್ಕೂ ಒಂದು ಫೋಟೊ. ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ತುರ್ತು, ಬೆಳಗ್ಗೆ 9ರೊಳಗೆ’ ಎಂಬ ಸಂದೇಶ ಬೀಳುತ್ತದೆ. ಐದು ನಿಮಿಷದಲ್ಲಿ ಹತ್ತು ಜನ ‘ಓಕೆ ಸರ್’ ಹಾಕುತ್ತಾರೆ. ಹಾಕದವರ ಹೆಸರು ಎದ್ದು ಕಾಣುತ್ತದೆ. ಇದು ಹೇರಿದ ಅಕ್ಕಿ. ಆದರೆ ನಾವೇ ಆಸೆಪಟ್ಟು ಆಯ್ದುಕೊಳ್ಳುವ ಅಕ್ಕಿಯೂ ಇದೆ. ಪ್ರತಿಭಾ ಕಾರಂಜಿಯ ತಯಾರಿ ಹಲವು ವರ್ಷ ನನ್ನ ತಲೆಯ ಮೇಲಿತ್ತು. ಶಾಲೆ ಬಿಟ್ಟ ಮೇಲೆ ಭಾವಗೀತೆ, ಜನಪದ ಗೀತೆ, ಭಾಷಣ, ಕೊನೆಗೆ ಮಕ್ಕಳ ಜಡೆಗೆ ರಿಬ್ಬನ್ನು ಸಹ. “ನೀವಲ್ದ ಯಾರ್ ಮಾಡ್ತಾರ್ರಿ ಮೇಡಂ?” ಎನ್ನುತ್ತಿದ್ದರು ಮುಖ್ಯೋಪಾಧ್ಯಾಯರು. ಆ ಒಂದು ಮಾತಿಗೆ ಇನ್ನೂ ಎರಡು ತಾಸು ನಿಲ್ಲುತ್ತಿದ್ದೆ. ಅಂಗಳದಲ್ಲಿ ಬೇಕೆಂದೇ ಚೆಲ್ಲಿದ ಅಕ್ಕಿ ಅಂದರೆ ಇದೇ ಇರಬೇಕು. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವ ರುಚಿ ಸಂಬಳದ ಆಸೆಗಿಂತ ಗಟ್ಟಿ, ಅದರ ಮೇಲೆ ಸೇವೆ ಎಂಬ ಹೆಸರು ಬೇರೆ.

ಈಚೆಗೆ ನಮ್ಮಂಥವರಿಗಾಗಿ ಒತ್ತಡ ನಿವಾರಣೆಯ ತರಬೇತಿಗಳೂ ಬಂದಿವೆ. ಒಂದಕ್ಕೆ ನನ್ನನ್ನೂ ಕಳಿಸಿದ್ದರು, ಅದೂ ರಜೆಯ ದಿನ! ಬೆಂಗಳೂರಿನಿಂದ ಬಂದ ತರಬೇತುದಾರರು ಕಣ್ಣು ಮುಚ್ಚಿಸಿ ಉಸಿರು ಎಳೆಸಿದರು, ಬಿಡಿಸಿದರು. “ಮೊಬೈಲ್ ಚಾರ್ಜ್ ಆದ್ರೆ ತಾನೇ ಕೆಲಸ ಮಾಡೋದು? ನೀವೂ ಅಷ್ಟೇ” ಅಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಮಾತು ಒಳಗೊಳಗೇ ಕೊರೆಯತೊಡಗಿತು. ಚಾರ್ಜಿಗೆ ಹಾಕಿದ ಮೊಬೈಲಿಗೆ ವಿಶ್ರಾಂತಿ ಸಿಗುತ್ತದೆಯೇ? ನಾಳೆ ಮತ್ತಷ್ಟು ಉಜ್ಜಲಿಕ್ಕೆಂದು ಇವತ್ತು ಗೋಡೆಗೆ ಚುಚ್ಚುತ್ತೇವೆ, ಅಷ್ಟೆ. ಹೆಚ್ಚು ದುಡಿಯಲಿಕ್ಕಾಗಿ ಮಲಗು ಎನ್ನುವ ಉಪದೇಶ ನಿದ್ದೆಯನ್ನೂ ಡ್ಯೂಟಿಗೆ ಸೇರಿಸಿಬಿಡುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಕೈಗಡಿಯಾರದಲ್ಲಿ ರಾತ್ರಿಯ ನಿದ್ದೆಗೆ ಎಷ್ಟು ಮಾರ್ಕ್ಸು ಬಂತೆಂದು ನೋಡಿಕೊಳ್ಳುತ್ತಾರೆ. ಕಡಿಮೆ ಬಂದ ದಿನ ಮುಖ ಸಪ್ಪಗೆ.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಉಣ್ಣುವುದು, ತಿರುಗಾಡುವುದು, ಕೆಲಸ, ನಿದ್ದೆ, ಎಚ್ಚರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಎಲ್ಲವೂ ಹದದಲ್ಲಿರಲಿ ಎನ್ನುತ್ತಾನೆ ಕೃಷ್ಣ. ಅಲ್ಲಿ ನಿದ್ದೆ ಕೆಲಸದ ಆಳಲ್ಲ, ಪಕ್ಕದಲ್ಲೇ ಕೂತ ಸಮಾನ. ಬಸವಣ್ಣನಂತೂ ಉಳ್ಳವರ ಕಲ್ಲಿನ ಗುಡಿಗೆ ಎದುರಾಗಿ ಮನುಷ್ಯನ ಒಡಲನ್ನೇ ಗುಡಿ ಎಂದವನು. ಗುಡಿಯಲ್ಲಿ ದೇವರಿಗೂ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಈ ಮೈಯೆಂಬ ಗುಡಿಗೆ ಬಾಗಿಲೇ ಇಲ್ಲದಂತೆ ಮಾಡಿಕೊಂಡವರು ನಾವು.

ವಾರಕ್ಕೊಂದು ದಿನ ಬಾಗಿಲು ಹಾಕುವುದು ನಮ್ಮ ಊರಿಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಸೋಮವಾರ ಗಳೇ ಹೂಡುತ್ತಿರಲಿಲ್ಲ. ಅದು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಮೋಡ ಕವಿದು ಬಿತ್ತನೆಯ ಹದ ಕೈತಪ್ಪುವಂತಿದ್ದರೂ ಇಲ್ಲ. ನೊಗ ಇಟ್ಟವನನ್ನು ಊರವರು ಸುಮ್ಮನೆ ಬಿಡುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇವಿನ ಮರದ ನೆರಳಿಗೆ ಕಟ್ಟುತ್ತಿದ್ದರು. ಅವು ದಿನವಿಡೀ ಮೆಲುಕು ಹಾಕುತ್ತ ಬಿದ್ದಿರುತ್ತಿದ್ದವು. ಮಂಗಳವಾರ ಹೆಚ್ಚು ಹೊಡೆಯಲಿ ಎಂದು ಯಾರೂ ಲೆಕ್ಕ ಹಾಕಿ ಬಿಟ್ಟದ್ದಲ್ಲ. ಎತ್ತು ಬಸವಣ್ಣ, ಅವನ ವಾರ ಅವನದು, ಅಷ್ಟೆ. ಬೇರೆ ಕಾರಣ ಯಾರಿಗೂ ಬೇಕಿರಲಿಲ್ಲ.

ಅದೇ ಸೋಮವಾರ ಅವ್ವ ಉಳಿದ ದಿನಕ್ಕಿಂತ ಬೇಗ ಏಳುತ್ತಿದ್ದಳು. ಶಿವನ ವಾರವಲ್ಲವೆ! ಹೆಂಡಿಕಸ ಮುಗಿಸಿ, ಪಡಸಾಲೆಯಿಂದ ಹಿತ್ತಲ ತನಕ ಸಾರಿಸಿ, ಹಾಸಿಗೆ ಒಗೆದು, ಪೂಜೆಗೆ ಎಲ್ಲ ಹೊಂದಿಸಿ, ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬೇಕು. ಅಪ್ಪ ಮನೆಯಲ್ಲಿರುವ ದಿನವಾದ್ದರಿಂದ ಬಂದುಹೋಗುವವರೂ ಹೆಚ್ಚು, ಚಹಾ ಹೆಚ್ಚು. ಒಂದು ಸಲ ಎತ್ತುಗಳಿಗೆ ನೀರು ಕುಡಿಸಿ ಬಂದು ಬಕೆಟ್ಟು ಕುಕ್ಕಿ ಅಂದಳು: “ಎತ್ತಿಗೆ ಬಸವಣ್ಣ ಅದಾನ. ನನಗ ಯಾರದಾರ?” ಅಪ್ಪ ನಕ್ಕುಬಿಟ್ಟ. ಅವ್ವ ನಗಿಸಲಿಕ್ಕೆ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿ ಸೂತಕ ಆಚರಿಸುವುದಿಲ್ಲ. ಪಂಚಸೂತಕವನ್ನು ನಿರಾಕರಿಸಿದ್ದು ಶರಣರ ದೊಡ್ಡ ಕೆಲಸ, ಮುಟ್ಟಾದ ಹೆಂಗಸು ಮೈಲಿಗೆಯಲ್ಲ ಎಂದು ಆ ಕಾಲದಲ್ಲಿ ಹೇಳುವುದಕ್ಕೆ ಎದೆ ಬೇಕಿತ್ತು. ಆದರೆ ಹಿಂದಿನ ಓಣಿಯ ಹೆಂಗಸೊಬ್ಬಳು ಪ್ರತಿ ತಿಂಗಳು ಮೂರು ದಿನ ಹೊರಗೆ ಕೂರುತ್ತಿದ್ದಳು. ಅವಳನ್ನು ನೋಡಿ ಅವ್ವ, “ಆಕಿ ಮೂರು ದಿನ ಕೈ ತೊಳಕೊಂಡು ಕುಂತು ಉಣ್ತಾಳ ನೋಡ, ನಮಗ ಅದೂ ಇಲ್ಲ” ಅನ್ನುತ್ತಿದ್ದಳು. ನನಗೆ ಈ ಮಾತು ಇವತ್ತಿಗೂ ಮುಳ್ಳು. ಹೊರಗೆ ಕೂರಿಸುವ ಪದ್ಧತಿಯನ್ನು ನಾನು ಎಳ್ಳಷ್ಟೂ ಒಪ್ಪುವುದಿಲ್ಲ. ಆ ಹೆಂಗಸಿಗೆ ಚಾಪೆ ಬೇರೆ, ತಾಟು ಬೇರೆ, ಚಳಿಯಲ್ಲೂ ಕಟ್ಟೆಯ ಮೇಲೆ ಮಲಗಬೇಕು. ಆದರೂ ಹೆಣ್ಣಿಗೆ ಕೂರುವ ಹಕ್ಕು ಸಿಗಬೇಕಾದರೆ ಅವಳು ಮೈಲಿಗೆಯಾಗಬೇಕಿತ್ತು. ಮೈಲಿಗೆ ತೊಲಗಿಸಿದವರು ಅದರ ಜೊತೆ ಹೋದ ಆ ಮೂರು ದಿನದ ಬಿಡುವಿಗೆ ಬದಲಿ ಏನನ್ನೂ ಕೊಡಲಿಲ್ಲ. ಪಾವಿತ್ರ್ಯದ ಹೆಸರಿನಲ್ಲಾದರೂ ಒಂದು ದಿನ ಕೊಡಬಹುದಿತ್ತು, ಎತ್ತಿಗೆ ಕೊಟ್ಟಂತೆ.

ಇನ್ನು ಹುಡುಗಿ ಕೇಳಿದ ರವಿವಾರ. ಅದು ಇಂಗ್ಲಿಷರು ಇಗರ್ಜಿಗೆ ಹೋಗಲಿಕ್ಕೆ ಮಾಡಿಕೊಂಡ ಸೂಟಿ, ನಮಗೆ ಪುಕ್ಕಟೆ ಸಿಕ್ಕಿತು ಎಂದು ಬಹಳ ಜನ ತಿಳಿದಿದ್ದಾರೆ. ಮುಂಬೈಯ ಗಿರಣಿ ಕೆಲಸಗಾರರಿಗೆ ಅದು ಪುಕ್ಕಟೆ ಸಿಗಲಿಲ್ಲ. ಜೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ, ‘ದೀನಬಂಧು’ ಪತ್ರಿಕೆ ನಡೆಸಿದವರು, 1884ರಿಂದ ಈ ಬೇಡಿಕೆ ಇಟ್ಟು ಹೋರಾಡಿದರು. ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದ್ದು 1890ರ ಜೂನ್‌ನಲ್ಲಿ. ಲೋಖಂಡೆಯವರ ವಾದಗಳಲ್ಲಿ ಒಂದು ನಮಗೆ ಹತ್ತಿರದ್ದು: ರವಿವಾರ ಖಂಡೋಬಾನ ವಾರ, ಆ ದಿನ ಜನಕ್ಕೆ ತಮ್ಮ ದೇವರ ಕೆಲಸ ಇರುತ್ತದೆ. ಖಂಡೋಬಾ ಅಂದರೆ ಯಾರು? ನಮ್ಮ ಮೈಲಾರಲಿಂಗ. ಜೇಜೂರಿಯಲ್ಲಿ ಭಂಡಾರ ಹಾರಿಸುವವರು ಅವರು, ದೇವರಗುಡ್ಡದಲ್ಲಿ ಹಾರಿಸುವವರು ನಾವು. ನಮ್ಮ ಶಾಲೆಯಿಂದ ದೇವರಗುಡ್ಡ ದೂರವೇನಲ್ಲ, ತರಗತಿಯಲ್ಲಿ ಅರ್ಧ ಮಕ್ಕಳ ಮನೆದೇವರು ಮೈಲಾರನೇ. ಹುಡುಗಿ ಕೇಳಿದ ಮರುದಿನ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗರು ‘ಏಳುಕೋಟಿ’ ಎಂದು ಕೂಗಿಯೇಬಿಟ್ಟರು, ಪಕ್ಕದ ಕ್ಲಾಸಿನ ಗಣಿತದ ಮಾಸ್ತರು ಇಣುಕಿ ಹೋದರು.

ಎತ್ತಿಗೆ ಸೋಮವಾರ ಸಿಕ್ಕಿದ್ದು ಬಸವಣ್ಣನ ಹೆಸರಿನಲ್ಲಿ, ಗಿರಣಿ ಕೂಲಿಗೆ ರವಿವಾರ ಸಿಕ್ಕಿದ್ದು ಖಂಡೋಬಾನ ಹೆಸರಿನಲ್ಲಿ. ಮನುಷ್ಯನ ಮಾತಿಗೆ ಬಗ್ಗದ ಯಜಮಾನ ದೇವರ ಮಾತಿಗೆ ಬಗ್ಗುತ್ತಾನೆ ಎಂಬುದು ಲೋಖಂಡೆಯವರಿಗೆ ಗೊತ್ತಿದ್ದಿರಬೇಕು. ಧರ್ಮಕ್ಕೆ ಇರುವ ಬಲವೂ ಅದೇ. ದಣಿದವನು ತನ್ನ ದಣಿವನ್ನು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ವಾರ ಬಂತು, ನೊಗ ಇಳಿಯಿತು. ಈಗಿನ ರಜೆ ಅರ್ಜಿಗೆ ಕಾರಣ ಬೇಕು, ಕಾರಣಕ್ಕೆ ಡಾಕ್ಟರ ಚೀಟಿ ಬೇಕು.

ಚೀಟಿ ನನಗೂ ಸಿಕ್ಕಿತು. ಬಿ.ಪಿ. ಮೇಲೇರಿತು, ಮಾತ್ರೆ ಶುರುವಾಯಿತು, ಉಪ್ಪಿನಕಾಯಿ ಬಿಡಿ ಎಂದರು ಡಾಕ್ಟರು. ಉಪ್ಪಿನಕಾಯಿ ಬಿಡಲಿಲ್ಲ, ಪ್ರತಿಭಾ ಕಾರಂಜಿ ಬಿಟ್ಟೆ. ಬಿಡುವಾಗ ಒಂದು ಎಚ್ಚರ ಬೇಕಿತ್ತು. ನಾನು ಸುರಿದ ಅಕ್ಕಿ ಹೊಸದಾಗಿ ಬಂದ ಅತಿಥಿ ಶಿಕ್ಷಕಿಯ ತಲೆಯ ಮೇಲೆ ಬೀಳಬಾರದು. ಅವಳ ಸಂಬಳ ನನ್ನದಕ್ಕಿಂತ ಬಹಳ ಕಡಿಮೆ, ಬೇಡ ಎನ್ನುವ ಬಲವೂ ಇಲ್ಲ. ಹೀಗಾಗಿ ಮುಖ್ಯೋಪಾಧ್ಯಾಯರ ಹತ್ತಿರ ಕೂತು, ಎಲ್ಲ ಸ್ಪರ್ಧೆಗೂ ಮಕ್ಕಳನ್ನು ಕಳಿಸಬೇಕಿಲ್ಲ, ನಾಲ್ಕು ಸಾಕು, ಶಾಲೆಯ ವೇಳೆಯಲ್ಲೇ ತಯಾರಿ ಆಗಲಿ ಎಂದು ಒಪ್ಪಿಸಬೇಕಾಯಿತು. ಆ ವರ್ಷ ಜನಪದ ಗೀತೆಯ ಬಹುಮಾನ ಬೇರೆ ಶಾಲೆಗೆ ಹೋಯಿತು. ಅವರು ಚೆನ್ನಾಗಿಯೇ ಹಾಡಿದ್ದರು.

ಈಗ ರವಿವಾರ ಊಟವಾದ ಮೇಲೆ ನನ್ನ ಫೋನು ಅಡುಗೆಮನೆಯ ಮಾಡದಲ್ಲಿ, ಹುಣಸೆಹಣ್ಣಿನ ಭರಣಿಯ ಪಕ್ಕದಲ್ಲಿ ಇರುತ್ತದೆ. ನಾನು ಚಾಪೆ ಹಾಸಿ ಮಲಗುತ್ತೇನೆ, ಇಲ್ಲವೆ ಮಗ್ಗುಲ ಮನೆಯವಳ ಜೊತೆ ಹರಟುತ್ತೇನೆ. ಧ್ಯಾನ, ಯೋಗ, ಯಾವುದೂ ಇಲ್ಲ. ಮೊದಮೊದಲು ಕೈ ತುರಿಸುತ್ತಿತ್ತು, ಅವರೆಕಾಯಿಯನ್ನಾದರೂ ಸುಲಿಯೋಣ ಅನಿಸುತ್ತಿತ್ತು. ನಮ್ಮ ಮನೆಯವರು ಸಂಜೆಯ ಚಹಾ ಮಾಡುವುದನ್ನು ಕಲಿತರು, ಸಕ್ಕರೆ ಮಾತ್ರ ಇನ್ನೂ ಹೆಚ್ಚೇ ಹಾಕುತ್ತಾರೆ.

“ನಿಮಗೇನ್ರಿ, ಒಂದನೇ ತಾರೀಕಿಗೆ ಪಗಾರ ಬರ್ತದ” ಎಂದು ಯಾರಾದರೂ ಅಂದರೆ ನಾನು ಎದುರಾಡುವುದಿಲ್ಲ. ಲಕ್ಕಮ್ಮನ ಮಾತನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವಂತಿಲ್ಲ. ಅವಳು ತಿರುಗಿ ಕಳಿಸಿದ್ದು ಹೆಚ್ಚಾದ ಅಕ್ಕಿಯನ್ನು, ಅವತ್ತಿನ ಊಟದ ಅಕ್ಕಿಯನ್ನಲ್ಲ. ಹೆಚ್ಚೇ ಇಲ್ಲದವಳು ಏನನ್ನು ಸುರಿದು ಬರಬೇಕು?

ಆ ಹುಡುಗಿಯ ತಾಯಿ ಹೋಗುವ ಪ್ಲಾಟಿನಲ್ಲಿ ಈ ಹಂಗಾಮಿನಲ್ಲಿ ಒಂದು ಮಾತು ಎದ್ದಿದೆ. ಹೂವು ಕಾಯುವುದಿಲ್ಲ, ಖರೆ. ಆದರೆ ಎಲ್ಲ ಹೆಂಗಸರೂ ಎಲ್ಲ ರವಿವಾರವೂ ಬರಬೇಕೆಂದೇನಿಲ್ಲ, ಪಾಳಿ ಹಾಕಿಕೊಳ್ಳೋಣ, ಈ ವಾರ ಅರ್ಧ ಮಂದಿ, ಬರುವ ವಾರ ಉಳಿದರ್ಧ. ಹೊಲದವರು ಪಾಳಿಗೆ ಒಪ್ಪಿದರು. ಆ ದಿನದ ಕೂಲಿಗೆ ಒಪ್ಪಲಿಲ್ಲ. ಮೊದಲ ರವಿವಾರ ಪಾಳಿ ಸಿಕ್ಕವರಲ್ಲಿ ಹೆಚ್ಚಿನವರು ಬುತ್ತಿ ಕಟ್ಟಿಕೊಂಡು ಬೇರೆ ಹೊಲಕ್ಕೆ ಕಳೆ ತೆಗೆಯಲಿಕ್ಕೆ ಹೋದರಂತೆ. ಈಗ ಹೆಂಗಸರು ಅರ್ಧ ಕೂಲಿಯನ್ನಾದರೂ ಕೊಡಿ ಎಂದು ಕೂತಿದ್ದಾರೆ. ಬೀಜದ ಕಂಪನಿ ಈ ಸಲ ಏನು ರೇಟು ಕೊಡುತ್ತದೆಂದು ನೋಡಿ ಹೇಳುತ್ತೇನೆ ಎಂದಿದ್ದಾರೆ ಹೊಲದವರು. ಹುಡುಗಿ ದಿನಾ ಬಂದು ನನಗೆ ವರದಿ ಒಪ್ಪಿಸುತ್ತಾಳೆ. ನಿನ್ನೆಯ ತನಕ ರೇಟು ಗೊತ್ತಾಗಿರಲಿಲ್ಲ.